ಅಂಗಡಿ ಕೆಲಸಕ್ಕೆ ಬಂದವರು ಯಾಕೆ ನಿಲ್ತಿಲ್ಲ? ಸಂಬಳ ಒಂದೇ ಕಾರಣ ಅಲ್ಲ

ತಾಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಅಲ್ಲಲ್ಲಿ ಒಂದೇ ಬರಹ ಕಣ್ಣಿಗೆ ಬೀಳುತ್ತೆ: ‘ಕೆಲಸಕ್ಕೆ ಹುಡುಗರು/ಹುಡುಗಿಯರು ಬೇಕಾಗಿದ್ದಾರೆ’. ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರ್, ಹಾರ್ಡ್‌ವೇರ್, ಬೇಕರಿ, ಹೋಟೆಲ್, ಮೊಬೈಲ್ ಶಾಪ್, ಎಲ್ಲಾ ಕಡೆ ಇದೇ ಕಥೆ. ಜನ ಸಿಗೋದೇ ಕಷ್ಟ. ಸಿಕ್ಕವರು ಎರಡು ತಿಂಗಳಿಗೆ ಬಿಟ್ಟು ಹೋಗ್ತಾರೆ. ಅದೂ ಯುಗಾದಿ, ದೀಪಾವಳಿ, ಮದುವೆ ಸೀಸನ್ ಬರೋ ಹೊತ್ತಿಗೇ ಸರಿಯಾಗಿ ಕೈಕೊಡ್ತಾರೆ.

ಇದಕ್ಕೆ ಮಾಲೀಕರು ಕೊಡೋ ಕಾರಣ ಸಾಮಾನ್ಯವಾಗಿ ಎರಡು. ಒಂದು, ‘ಈಗಿನ ಹುಡುಗರಿಗೆ ದುಡಿಯೋ ಮನಸ್ಸಿಲ್ಲ’. ಇನ್ನೊಂದು, ‘ಐನೂರು ರೂಪಾಯಿ ಜಾಸ್ತಿ ಕೊಟ್ಟರೆ ಪಕ್ಕದ ಅಂಗಡಿಗೆ ಹೋಗ್ತಾರೆ’. ಕೆಲಸಗಾರರನ್ನು ಕೇಳಿದರೆ ಉತ್ತರ ಬೇರೆ ಬರುತ್ತೆ: ರಜೆ ಇಲ್ಲ, ಕೂರೋಕೆ ಬಿಡಲ್ಲ, ಗಿರಾಕಿ ಮುಂದೆ ಬೈತಾರೆ, ಮೊನ್ನೆ ಬಂದವನಿಗೆ ನನಗಿಂತ ಜಾಸ್ತಿ ಸಂಬಳ.

ಜನ ಕೆಲಸ ಯಾಕೆ ಬಿಡ್ತಾರೆ, ಯಾಕೆ ಉಳೀತಾರೆ ಅನ್ನೋದರ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಧ್ಯಯನ ನಡೆದಿದೆ. ಕೆಲವು ನಮ್ಮ ದೇಶದಲ್ಲೇ ನಡೆದಿವೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಸಂಬಳ ನೋಡಿ ಜನ ಕೆಲಸಕ್ಕೆ ಬರ್ತಾರೆ. ಉಳಿಯೋದು ಮಾತ್ರ ನ್ಯಾಯ ನೋಡಿ. ಕೆಲಸದ ಗಂಟೆಯಲ್ಲಿ ನ್ಯಾಯ, ಸಂಬಳದಲ್ಲಿ ನ್ಯಾಯ, ಮಾತಿನಲ್ಲಿ ನ್ಯಾಯ.

ಒಬ್ಬ ಬಿಟ್ಟು ಹೋದರೆ ಅಂಗಡಿಗೆ ಎಷ್ಟು ಲುಕ್ಸಾನು?

ಮೊದಲು ಲೆಕ್ಕ. ಬಟ್ಟೆ ಅಂಗಡಿಯ ಸೇಲ್ಸ್ ಕೆಲಸಕ್ಕೆ ತಿಂಗಳಿಗೆ 12,000 ರೂಪಾಯಿ ಸಂಬಳ ಅಂದುಕೊಳ್ಳಿ. ಇದು ಉದಾಹರಣೆಗೆ ಮಾತ್ರ, ನಿಮ್ಮ ಅಂಗಡಿಯ ಅಂಕಿ ಹಾಕಿಕೊಂಡು ನೋಡಬಹುದು.

ಹಳಬ ಬಿಟ್ಟು ಹೋದ, ಹೊಸಬ ಬಂದ. ಯಾವ ಸೀರೆ ಯಾವ ರ‍್ಯಾಕ್‌ನಲ್ಲಿದೆ, ಯಾವ ಸೈಜು ಗೋಡೌನಿನಲ್ಲಿದೆ, ಯಾವ ಗಿರಾಕಿಗೆ ಎಷ್ಟರವರೆಗೆ ರೇಟು ಇಳಿಸಬಹುದು ಅನ್ನೋದು ಅವನಿಗೆ ಗೊತ್ತಾಗೋಕೆ ಎರಡು ತಿಂಗಳಾದರೂ ಬೇಕು. ಆ ಎರಡು ತಿಂಗಳಲ್ಲಿ ಹಳಬ ಮಾಡ್ತಿದ್ದ ಕೆಲಸದ ಅರ್ಧ ಮಾಡಿದ ಅಂತಿಟ್ಟುಕೊಳ್ಳಿ. ಕೊಟ್ಟ ಸಂಬಳ 24,000. ಸಿಕ್ಕ ಕೆಲಸ 12,000ದ್ದು. ಅಂದರೆ ಒಬ್ಬ ಬಿಟ್ಟರೆ 12,000 ರೂಪಾಯಿ ಅಲ್ಲೇ ಹೋಯಿತು.

ಈ 12,000ವನ್ನು 12 ತಿಂಗಳಿಗೆ ಭಾಗ ಮಾಡಿ. ತಿಂಗಳಿಗೆ 1,000 ರೂಪಾಯಿ. ಹಳಬ ‘ಒಂದು ಸಾವಿರ ಜಾಸ್ತಿ ಮಾಡಿ ಅಣ್ಣಾ’ ಅಂತ ಕೇಳಿದಾಗ ಆಗಲ್ಲ ಅಂದಿದ್ದರೆ, ಆ ದುಡ್ಡು ಉಳಿದಿಲ್ಲ, ಬೇರೆ ದಾರಿಯಲ್ಲಿ ಖರ್ಚಾಗಿದೆ.

ಲೆಕ್ಕಕ್ಕೆ ಸಿಗದ ನಷ್ಟ ಇನ್ನೂ ಇದೆ. ಜಾಗ ಖಾಲಿ ಇದ್ದ ದಿನಗಳಲ್ಲಿ ವಾಪಸ್ ಹೋದ ಗಿರಾಕಿ, ಉಳಿದ ಕೆಲಸಗಾರರ ಮೇಲೆ ಬಿದ್ದ ಹೊರೆ, ಮಾಲೀಕರೇ ಕೌಂಟರ್ ಬಿಟ್ಟು ಸೀರೆ ಮಡಚಬೇಕಾದ ಗೋಳು. ಹಳ್ಳಿಯಿಂದ ಬರೋ ಗಿರಾಕಿಗಳು ಎಷ್ಟೋ ಸಲ ಅಂಗಡಿ ಹೆಸರಿಗಿಂತ ಅಲ್ಲಿನ ಹುಡುಗನ ಮುಖ ನೋಡಿ ಬರ್ತಾರೆ. ಅವನು ಎದುರಿನ ಅಂಗಡಿಗೆ ಹೋದರೆ ಅವರೂ ಅತ್ತ ತಿರುಗ್ತಾರೆ.

ವರ್ಷದಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಅಂಗಡಿಯಲ್ಲಿ ಸರಾಸರಿ ಇರೋ ಕೆಲಸಗಾರರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಬರೋದು ಬಿಟ್ಟುಹೋಗುವ ಪ್ರಮಾಣ. ನಾಲ್ಕು ಜನ ಇರೋ ಅಂಗಡಿಯಲ್ಲಿ ವರ್ಷಕ್ಕೆ ಆರು ಜನ ಬಿಟ್ಟರೆ ಅದು ಶೇ 150. ಹೆಚ್ಚಿನ ಅಂಗಡಿಗಳಲ್ಲಿ ಈ ಲೆಕ್ಕ ಯಾರೂ ಬರೆದಿಡಲ್ಲ. ಹಾಗಾಗಿ ನಷ್ಟ ಕಣ್ಣಿಗೆ ಕಾಣಲ್ಲ.

ಕೆಲಸಗಾರ ಹಾಕೋ ಲೆಕ್ಕ ಬೇರೆ

ಮಾಲೀಕರು ತಿಂಗಳ ಸಂಬಳ ನೋಡ್ತಾರೆ. ಕೆಲಸಗಾರ ಗಂಟೆ ನೋಡ್ತಾನೆ.

ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆದು ರಾತ್ರಿ 9ಕ್ಕೆ ಮುಚ್ಚೋ ಅಂಗಡಿ. ವಾರದ ರಜೆ ಇಲ್ಲ. ದಿನಕ್ಕೆ 12 ಗಂಟೆ, 30 ದಿನ, ಒಟ್ಟು 360 ಗಂಟೆ. ಸಂಬಳ 12,000. ಗಂಟೆಗೆ ಬಿದ್ದದ್ದು 33 ರೂಪಾಯಿ ಚಿಲ್ಲರೆ.

ಅದೇ 12,000ಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೊಂದು ರಜೆ ಇರೋ ಕೆಲಸ ಸಿಕ್ಕರೆ ತಿಂಗಳಿಗೆ 26 ದಿನ, 208 ಗಂಟೆ. ಗಂಟೆಗೆ 57 ರೂಪಾಯಿ ದಾಟುತ್ತೆ.

ಅಂಗಡಿಯವರು 1,000 ಜಾಸ್ತಿ ಮಾಡಿ 13,000 ಕೊಟ್ಟರೂ ಗಂಟೆಗೆ ಆಗೋದು 36 ರೂಪಾಯಿ. ಮಂಡ್ಯ, ರಾಮನಗರ, ಹಾಸನ ಕಡೆಗೆಲ್ಲ ಗಾರ್ಮೆಂಟ್ಸ್ ಕಾರ್ಖಾನೆಗಳು ಬಂದಿವೆ. ಹಳ್ಳಿ ಬಾಗಿಲಿಗೇ ಕಾರ್ಖಾನೆ ಬಸ್ಸು, ವ್ಯಾನು ಬರೋ ಕಡೆ ಹೆಣ್ಣುಮಕ್ಕಳು ಅಂಗಡಿ ಕೆಲಸ ಬಿಟ್ಟು ಅದನ್ನು ಹತ್ತೋದಕ್ಕೆ ಈ ಲೆಕ್ಕವೇ ಕಾರಣ. ಕಾರ್ಖಾನೆ ಕೆಲಸ ಸುಲಭ ಅಂತ ಅಲ್ಲ, ಅಲ್ಲಿ ಟಾರ್ಗೆಟ್ ಕಾಟ ಇದ್ದೇ ಇದೆ. ಆದರೆ ಸಂಜೆ ಇಷ್ಟೊತ್ತಿಗೆ ಮನೆಗೆ ಹೋಗ್ತೀನಿ, ಭಾನುವಾರ ಮನೆಯಲ್ಲಿರ್ತೀನಿ ಅನ್ನೋದು ಮೊದಲೇ ಗೊತ್ತಿರುತ್ತೆ. ಮದುವೆ, ನಾಮಕರಣ, ಊರ ಹಬ್ಬಕ್ಕೆ ಹೋಗೋಕಾಗದ ಕೆಲಸವನ್ನು ಯಾರೂ ಬಹಳ ದಿನ ಮಾಡಲ್ಲ.

ಫೋರ್ಡ್ ಕಾರು ಕಂಪನಿ ಕಲಿತ ಪಾಠ

ಈ ಸಮಸ್ಯೆ ನಮ್ಮ ಪೇಟೆಗೆ ಮಾತ್ರ ಬಂದದ್ದಲ್ಲ. 1913ರಲ್ಲಿ ಅಮೆರಿಕದ ಫೋರ್ಡ್ ಕಾರು ಕಂಪನಿಗೂ ಬಂದಿತ್ತು. ಒಂದೇ ಜಾಗದಲ್ಲಿ ನಿಂತು ದಿನವಿಡೀ ಒಂದೇ ಕೆಲಸ ಮಾಡೋ ಪದ್ಧತಿ ಆಗಷ್ಟೇ ಶುರುವಾಗಿತ್ತು. ಬೇಸತ್ತ ಜನ ಬಿಟ್ಟು ಹೋಗ್ತಾನೇ ಇದ್ರು. ಸುಮಾರು 14,000 ಜನರ ಕಾರ್ಖಾನೆ ನಡೆಸೋಕೆ ಆ ಒಂದೇ ವರ್ಷ 50,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಿಟ್ಟುಹೋಗುವ ಪ್ರಮಾಣ ಶೇ 370.

1914ರ ಜನವರಿಯಲ್ಲಿ ಹೆನ್ರಿ ಫೋರ್ಡ್ ಎರಡು ಬದಲಾವಣೆ ಘೋಷಿಸಿದರು. ದಿನದ ದುಡಿಮೆ 9 ಗಂಟೆಯಿಂದ 8 ಗಂಟೆಗೆ ಇಳಿಯಿತು. ದಿನಗೂಲಿ ಹೆಚ್ಚುಕಡಿಮೆ ಎರಡು ಪಟ್ಟಾಗಿ 5 ಡಾಲರ್ ಆಯಿತು. 1915ರ ಹೊತ್ತಿಗೆ ಬಿಟ್ಟುಹೋಗುವ ಪ್ರಮಾಣ ಶೇ 16ಕ್ಕೆ ಇಳಿದಿತ್ತು.

ಇದರಲ್ಲಿ ಇನ್ನೊಂದು ಮುಖವೂ ಇದೆ. ಆ 5 ಡಾಲರ್ ಎಲ್ಲರಿಗೂ ಸುಮ್ಮನೆ ಸಿಗ್ತಿರಲಿಲ್ಲ. ಕೆಲಸಗಾರ ಕುಡೀತಾನಾ, ಮನೆ ಸ್ವಚ್ಛ ಇಟ್ಟುಕೊಂಡಿದ್ದಾನಾ ಅಂತ ಕಂಪನಿಯವರು ಮನೆಗೇ ಬಂದು ವಿಚಾರಿಸ್ತಿದ್ರು. ಜಾಸ್ತಿ ಸಂಬಳ ಕೊಟ್ಟವರು ಕೆಲಸಗಾರನ ಇಡೀ ಬದುಕಿನ ಮೇಲೆ ಹಕ್ಕು ಬಂತು ಅಂದುಕೊಳ್ಳೋದು ಆಗಲೂ ಇತ್ತು.

ಫೋರ್ಡ್ ಥರ ಸಂಬಳ ಡಬಲ್ ಮಾಡೋದು ಪೇಟೆ ಅಂಗಡಿಯವರ ಕೈಲಾಗೋ ಮಾತಲ್ಲ. ಹಾಗಾದರೆ ಏನು ಮಾಡಬಹುದು? ಮುಂದಿನ ಅಧ್ಯಯನಗಳು ಹೇಳೋದು ಅದನ್ನೇ.

ಸಂಬಳ ಅಂದರೆ ಊಟದಲ್ಲಿ ಉಪ್ಪಿದ್ದ ಹಾಗೆ

ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕೆಲಸದಲ್ಲಿ ತುಂಬಾ ಖುಷಿಯಾದ ಸಂದರ್ಭ ಯಾವುದು, ತುಂಬಾ ಬೇಸರವಾದದ್ದು ಯಾವಾಗ ಅಂತ ಕೇಳಿದ್ದರು. ಬೇಸರಕ್ಕೆ ಬಂದ ಉತ್ತರಗಳು: ಆಡಳಿತದ ರೀತಿ, ಮೇಲಿನವರ ವರ್ತನೆ, ಸಂಬಳ, ಕೆಲಸದ ಜಾಗದ ಸ್ಥಿತಿ. ಖುಷಿಗೆ ಬಂದ ಉತ್ತರಗಳು ಬೇರೆಯೇ: ಸಾಧಿಸಿದ್ದು, ಮೆಚ್ಚುಗೆ ಸಿಕ್ಕಿದ್ದು, ಜವಾಬ್ದಾರಿ ಕೊಟ್ಟಿದ್ದು, ಮೇಲೆ ಬಂದಿದ್ದು.

ಅವರ ತೀರ್ಮಾನವನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಸಂಬಳ ಉಪ್ಪಿದ್ದ ಹಾಗೆ. ಕಡಿಮೆಯಾದರೆ ಊಟ ಗಂಟಲಲ್ಲಿ ಇಳಿಯಲ್ಲ. ಹಾಗಂತ ಉಪ್ಪು ಸುರಿದರೆ ರುಚಿ ಜಾಸ್ತಿಯಾಗಲ್ಲ. ಈ ಸಿದ್ಧಾಂತವನ್ನು ಆಮೇಲೆ ಬಂದ ಸಂಶೋಧಕರು ಪೂರ್ತಿ ಒಪ್ಪಿಲ್ಲ. ಬಡ ಕುಟುಂಬದವರಿಗೆ ಸಂಬಳವೇ ದೊಡ್ಡ ಖುಷಿ ಆಗಬಹುದು. ಆದರೂ ಅಂಗಡಿಯವರಿಗೆ ಇದರಲ್ಲಿ ಉಪಯೋಗದ ಮಾತಿದೆ. ಮೂರು ವರ್ಷದಿಂದ ಇರೋ ಹುಡುಗನಿಗೆ ಒಂದು ಸೆಕ್ಷನ್ನಿನ ಸ್ಟಾಕ್ ಜವಾಬ್ದಾರಿ ಒಪ್ಪಿಸೋದು, ಬೆಂಗಳೂರಿಗೆ ಅಥವಾ ಸೂರತ್‌ಗೆ ಮಾಲು ತರೋಕೆ ಹೋಗುವಾಗ ಜೊತೆಗೆ ಕರ್ಕೊಂಡು ಹೋಗೋದು ದೊಡ್ಡ ಖರ್ಚಲ್ಲ. ಅವನ ಪಾಲಿಗೆ ಅದು ಬಡ್ತಿ.

ಪಕ್ಕದವನಿಗೆ ಎಷ್ಟು ಕೊಡ್ತೀರಿ?

ಸಂಬಳ ಎಷ್ಟು ಅನ್ನೋದಕ್ಕಿಂತ ಪಕ್ಕದವನಿಗೆ ಎಷ್ಟು ಅನ್ನೋದು ಹೆಚ್ಚು ನೋಯಿಸುತ್ತೆ. ಇದನ್ನು ಒಡಿಶಾದಲ್ಲಿ ನಡೆದ ಒಂದು ಪ್ರಯೋಗ ತೋರಿಸಿಕೊಟ್ಟಿದೆ. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್ ಮತ್ತು ಯೋಗಿತಾ ಶಮ್ದಸಾನಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನು 2018ರಲ್ಲಿ ಪ್ರಕಟಿಸಿದರು.

ಸಣ್ಣ ಉತ್ಪಾದನಾ ಘಟಕಗಳಲ್ಲಿ 378 ಕೆಲಸಗಾರರನ್ನು ಮೂರು ಮೂರು ಜನರ ಗುಂಪು ಮಾಡಿದರು. ಒಂದು ಗುಂಪಿನವರೆಲ್ಲ ಒಂದೇ ವಸ್ತು ಮಾಡಬೇಕು. ಕೆಲವು ಗುಂಪುಗಳಲ್ಲಿ ಮೂವರಿಗೂ ಒಂದೇ ದಿನಗೂಲಿ. ಇನ್ನು ಕೆಲವು ಗುಂಪುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಯಾರು ಹೆಚ್ಚು ಕೆಲಸ ಮಾಡ್ತಾರೆ ಅಂತ ಕಣ್ಣಿಗೆ ಕಾಣದ ಕಡೆ ಕೂಲಿಯಲ್ಲಿ ವ್ಯತ್ಯಾಸ ಮಾಡಿದಾಗ ಕೆಲಸವೂ ಕುಸಿಯಿತು, ಹಾಜರಾತಿಯೂ ಶೇಕಡಾ 18 ಅಂಶದಷ್ಟು ಇಳಿಯಿತು. ದಿನಗೂಲಿಗೇ ಬಂದವರು ಆ ದಿನದ ಕೂಲಿ ಹೋದರೂ ಪರವಾಗಿಲ್ಲ ಅಂತ ಮನೆಯಲ್ಲಿ ಉಳಿದರು.

ಆದರೆ ಯಾರ ಕೆಲಸ ಜಾಸ್ತಿ ಅನ್ನೋದು ಎಲ್ಲರಿಗೂ ಕಣ್ಣಿಗೆ ಕಾಣುವಂತಿದ್ದಾಗ ಈ ತೊಂದರೆ ಕಾಣಿಸಲಿಲ್ಲ. ‘ಅವನು ಜಾಸ್ತಿ ಮಾಡ್ತಾನೆ, ಅವನಿಗೆ ಜಾಸ್ತಿ’ ಅನ್ನೋದನ್ನು ಜನ ಒಪ್ಪಿಕೊಂಡರು.

ಪೇಟೆಗೆ ಇದನ್ನು ಅನ್ವಯಿಸಿ ನೋಡಿ. ಹೊಸಬನನ್ನು ಕರೆತರೋ ಅವಸರದಲ್ಲಿ ಹಳಬನಿಗಿಂತ 1,000 ಜಾಸ್ತಿ ಕೊಟ್ಟು, ‘ಯಾರಿಗೂ ಹೇಳಬೇಡ’ ಅಂತ ಹೇಳೋದು ಬಹಳ ಕಡೆ ಇದೆ. ಇಂಥ ಗುಟ್ಟು ಒಂದು ವಾರವೂ ನಿಲ್ಲಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆಯೋ ಹೊತ್ತಿಗೆ ಎಲ್ಲ ಹೊರಗೆ ಬರುತ್ತೆ. ಹಳಬ ಅವತ್ತಿನಿಂದಲೇ ಮನಸ್ಸಿನಲ್ಲಿ ಕೆಲಸ ಬಿಟ್ಟಿರ್ತಾನೆ. ವ್ಯತ್ಯಾಸ ಮಾಡಲೇಬೇಕಿದ್ದರೆ ಕಾರಣ ಎಲ್ಲರ ಮುಂದೆ ಹೇಳುವಂತಿರಲಿ: ಬಿಲ್ಲಿಂಗ್ ಸಾಫ್ಟ್‌ವೇರ್ ಗೊತ್ತು, ಐದು ವರ್ಷದ ಅನುಭವ ಇದೆ, ಬೀಗದ ಜವಾಬ್ದಾರಿ ಅವನದು. ಹೇಳೋಕಾಗದ ಕಾರಣ ಇದ್ದರೆ ಆ ವ್ಯತ್ಯಾಸವೇ ತಪ್ಪು.

ಒಂದು ಸ್ಟೂಲಿಗಾಗಿ ಹೋರಾಟ

ಬಟ್ಟೆ ಅಂಗಡಿ, ಚಿನ್ನದ ಅಂಗಡಿಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕು. ಗಿರಾಕಿ ಇಲ್ಲದಿದ್ದರೂ ಕೂರುವಂತಿಲ್ಲ. ಕೂತರೆ ಸೋಮಾರಿ ಅಂತ ಲೆಕ್ಕ. ಕಾಲು ಊತ, ಸೊಂಟ ನೋವು. ಟಾಯ್ಲೆಟ್ ಇಲ್ಲ ಅಂತ ಹೆಣ್ಣುಮಕ್ಕಳು ನೀರೇ ಕುಡಿಯದೆ ದಿನ ಕಳೆಯೋದು ಕೂಡ ಹೊಸದೇನಲ್ಲ.

ಕೇರಳದ ಕೋಳಿಕ್ಕೋಡ್ ಪೇಟೆಯ ಅಂಗಡಿ ಕೆಲಸದ ಮಹಿಳೆಯರು ಇದನ್ನೇ ಹಿಡಿದು ಸಂಘಟಿತರಾದರು. ಪಿ. ವಿಜಿ ಅವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟು’ ಅನ್ನೋ ಸಂಘಟನೆ ಮೊದಲು ಟಾಯ್ಲೆಟ್‌ಗಾಗಿ, ಆಮೇಲೆ ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿತು. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರೋಕೆ ಆಸನ ಇಡೋದು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡೂ ಇಂಥದ್ದೇ ತಿದ್ದುಪಡಿ ತಂತು.

ಒಂದು ಪ್ಲಾಸ್ಟಿಕ್ ಸ್ಟೂಲಿನ ಬೆಲೆ ಎಷ್ಟು ಅಂತ ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಅಷ್ಟು ಸಣ್ಣ ವಸ್ತುವಿಗೆ ಕಾನೂನೇ ಬರಬೇಕಾಯಿತು ಅನ್ನೋದು ಯೋಚಿಸೋ ವಿಷಯ. ಗಿರಾಕಿ ಬಂದಾಗ ಎದ್ದು ನಿಲ್ಲೋದು ಯಾರಿಗೂ ಕಷ್ಟವಲ್ಲ. ಗಿರಾಕಿ ಇಲ್ಲದಾಗಲೂ ನಿಲ್ಲಿಸೋದು ಬರೀ ಕಾಟ.

ಕೇಳಿಸಿಕೊಂಡರೆ ಅರ್ಧ ಸಿಟ್ಟು ಇಳಿಯುತ್ತೆ

ಭಾರತದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ತೆರೇಸಾ ಮೊಲಿನಾ ಮತ್ತು ಅನಂತ್ ನ್ಯಾಷಧಂ ಅನ್ನೋ ಸಂಶೋಧಕರು ಇನ್ನೊಂದು ಪ್ರಯೋಗ ಮಾಡಿದರು. ಕಾರ್ಮಿಕರು ಎದುರು ನೋಡ್ತಿದ್ದಷ್ಟು ಸಂಬಳ ಏರಿಕೆ ಆಗಲಿಲ್ಲ, ಎಲ್ಲರಿಗೂ ಬೇಜಾರಾಗಿತ್ತು. ಆ ಹೊತ್ತಿನಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಆರಿಸಿ ಅವರ ಅಭಿಪ್ರಾಯ ಕೇಳಿದರು. ಕೆಲಸದ ಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ, ತೃಪ್ತಿ ಇದೆಯಾ ಅಂತ. ಹೆಸರು ಹೇಳಬೇಕಾಗಿರಲಿಲ್ಲ.

ಸಂಬಳ ಒಂದು ರೂಪಾಯಿಯೂ ಜಾಸ್ತಿಯಾಗಲಿಲ್ಲ. ಆದರೂ ಅಭಿಪ್ರಾಯ ಹೇಳೋ ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರು ಮತ್ತು ಗೈರಾದವರು ಉಳಿದವರಿಗಿಂತ ಕಡಿಮೆ ಇದ್ದರು. ಯಾರಿಗೆ ಹೆಚ್ಚು ನಿರಾಶೆಯಾಗಿತ್ತೋ ಅವರಲ್ಲಿ ಈ ಪರಿಣಾಮ ಹೆಚ್ಚು ಕಂಡಿತು. ಹೇಳಿಕೊಳ್ಳೋಕೆ ಬಾಗಿಲು ಇಲ್ಲದಿದ್ದರೆ ಜನ ಹೊರಗೆ ಹೋಗೋ ಬಾಗಿಲು ಹುಡುಕ್ತಾರೆ.

ಅಂಗಡಿಯಲ್ಲಿ ಇದಕ್ಕೆ ಸಮೀಕ್ಷೆ, ಫಾರಂ ಏನೂ ಬೇಡ. ತಿಂಗಳಿಗೊಂದು ಸಲ ಸಂಬಳ ಕೊಡುವಾಗ ಐದು ನಿಮಿಷ ಕೂರಿಸಿ ‘ಏನಾದ್ರೂ ತೊಂದರೆ ಇದ್ಯೇನಪ್ಪಾ’ ಅಂತ ಕೇಳಿದರೆ ಸಾಕು. ಕೇಳಿದ ಮೇಲೆ ಒಂದಾದರೂ ಸರಿ ಮಾಡಬೇಕು. ಬರೀ ಕೇಳಿ ಬಿಟ್ಟರೆ ಮುಂದಿನ ಸಲ ಯಾರೂ ಬಾಯಿ ಬಿಡಲ್ಲ.

ಇದಕ್ಕೇ ಸೇರಿದ್ದು ಮಾತಿನ ವಿಷಯ. ತಪ್ಪು ಮಾಡಿದವನನ್ನು ಗಿರಾಕಿ ಮುಂದೆ ‘ಲೇ’ ಅಂತ ಗದರೋದು, ಅಪ್ಪ ಅಮ್ಮನ ಹೆಸರು ಎತ್ತೋದು, ಜಾತಿ ಎತ್ತಿ ಮಾತಾಡೋದು. ಬೈದವರು ಸಂಜೆಗೆ ಮರೀತಾರೆ. ಬೈಸಿಕೊಂಡವನು ಮರೆಯಲ್ಲ. ಆ ಗಿರಾಕಿಗಳಲ್ಲಿ ಅವನ ಊರಿನವರೇ ಇರ್ತಾರೆ, ನೆಂಟರೂ ಇರ್ತಾರೆ. ತಪ್ಪನ್ನು ಒಳಗೆ ಕರೆದು ಹೇಳಬಹುದು.

ಉಳಿದವರೆಲ್ಲ ಮನಸ್ಸಿನಿಂದ ಉಳಿದವರಲ್ಲ

‘ನಮ್ಮ ಅಂಗಡೀಲಿ ಹತ್ತು ವರ್ಷದಿಂದ ಇದ್ದಾನೆ’ ಅಂತ ಹೇಳಿಕೊಳ್ಳೋ ಮಾಲೀಕರು ಯಾಕೆ ಇದ್ದಾನೆ ಅಂತಲೂ ನೋಡಬೇಕು. ಜಾನ್ ಮೇಯರ್ ಮತ್ತು ನಟಾಲಿ ಆಲೆನ್ ಎಂಬ ಕೆನಡಾದ ಸಂಶೋಧಕರು 1991ರಲ್ಲಿ ಕೆಲಸದ ನಿಷ್ಠೆಯನ್ನು ಮೂರು ಥರ ವಿಂಗಡಿಸಿದರು.

ಒಂದು, ಇಷ್ಟಪಟ್ಟು ಉಳಿಯೋದು. ಅಂಗಡಿ ತನ್ನದು ಅನ್ನಿಸುತ್ತೆ. ಎರಡು, ಋಣಕ್ಕೆ ಉಳಿಯೋದು. ಕಷ್ಟದಲ್ಲಿ ಕೈಹಿಡಿದವರನ್ನು ಬಿಟ್ಟು ಹೋಗಬಾರದು ಅನ್ನೋ ಭಾವ. ಮೂರು, ಬೇರೆ ದಾರಿ ಇಲ್ಲದೆ ಉಳಿಯೋದು.

ಮೂರನೆಯವರು ದೇಹ ಮಾತ್ರ ಅಂಗಡಿಯಲ್ಲಿ ಇಟ್ಟಿರ್ತಾರೆ. ಗಿರಾಕಿ ಕೇಳಿದ್ದನ್ನು ‘ಇಲ್ಲ’ ಅಂದುಬಿಡ್ತಾರೆ, ಒಳಗೆ ಹೋಗಿ ಹುಡುಕಲ್ಲ. ಬೇರೆ ದಾರಿ ಕಂಡ ದಿನ ಹೇಳದೆ ಕೇಳದೆ ಹೋಗಿಬಿಡ್ತಾರೆ.

ಕೆಲವು ಕಡೆ ಈ ಮೂರನೇ ಥರವನ್ನು ಬೇಕಂತಲೇ ಸೃಷ್ಟಿ ಮಾಡ್ತಾರೆ. ಎಸ್ಸೆಸ್ಸೆಲ್ಸಿ, ಪಿಯುಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡು ಬೀರುವಿನಲ್ಲಿ ಇಡೋದು, ಅರ್ಧ ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳೋದು, ದೊಡ್ಡ ಅಡ್ವಾನ್ಸ್ ಕೊಟ್ಟು ‘ತೀರಿಸೋವರೆಗೆ ಹೋಗಂಗಿಲ್ಲ’ ಅನ್ನೋದು. ಅಡ್ವಾನ್ಸ್ ಕೊಡೋದು ತಪ್ಪಲ್ಲ. ಮನೆಯಲ್ಲಿ ಕಾಯಿಲೆ, ಮಕ್ಕಳ ಫೀಸು ಅಂದಾಗ ಕೊಟ್ಟ ಐದು ಸಾವಿರವೇ ಎರಡನೇ ಥರದ ಋಣವನ್ನು ಕಟ್ಟೋದು. ಆದರೆ ಸಾಲ ತೋರಿಸಿ ಬೇರೆ ಕಡೆ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕೋದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಡಿ ಅಪರಾಧ. ಜೀತ ಅಂದರೆ ಹೊಲದ ಕೆಲಸ ಮಾತ್ರ ಅಂತ ತಿಳಿದವರು ಬಹಳ ಜನ. ಕಾನೂನಿನಲ್ಲಿ ಹಾಗಿಲ್ಲ.

ನಾಳೆಯ ಭದ್ರತೆ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಳನ್ನು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು ತಡೆದು ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಅದರಲ್ಲಿ ಹೆಚ್ಚಿನವರು ಹೆಂಗಸರು. ಮಾಲೀಕರ ಪಾಲಿನ ಪಿಎಫ್ ದುಡ್ಡನ್ನು 58 ವರ್ಷ ಆಗೋವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ತಂದ ನಿಯಮ ಅದಕ್ಕೆ ಕಾರಣ. ಗಲಾಟೆ ಶುರುವಾದ ಮಾರನೇ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು.

ಪಿಎಫ್ ಅಂದರೆ ಮುದುಕರಾದ ಮೇಲಿನ ಮಾತು ಅಂತ ಕಚೇರಿಯವರು ಅಂದುಕೊಂಡಿದ್ದರು. ಕಾರ್ಮಿಕರಿಗೆ ಅದು ಮಗಳ ಮದುವೆ, ಮನೆ ರಿಪೇರಿ, ಸಾಲ ತೀರಿಸೋಕೆ ಇರೋ ಒಂದೇ ಗಂಟು. ಕೂಡಿಟ್ಟ ಆ ದುಡ್ಡು ಕೈಗೆ ಸಿಗಲಿ ಅಂತಲೇ ಕೆಲಸ ಬಿಡೋರೂ ಇದ್ದಾರೆ.

ಇಂಥ ಭದ್ರತೆ ಅಂಗಡಿಗಳಲ್ಲಿ ಎಲ್ಲಿ ಅನ್ವಯ ಆಗುತ್ತೆ ಅನ್ನೋದು ಹೀಗಿದೆ.

• ಇಎಸ್‌ಐ: 10 ಅಥವಾ ಹೆಚ್ಚು ಜನ ಇರೋ ಅಂಗಡಿ, ಹೋಟೆಲ್‌ಗಳಿಗೆ, ತಿಂಗಳ ಸಂಬಳ 21,000ದವರೆಗೆ ಇರೋರಿಗೆ. ಕೆಲಸಗಾರನ ಪಾಲು ಶೇ 0.75, ಮಾಲೀಕರದ್ದು ಶೇ 3.25. ಸಂಬಳ 12,000 ಆದರೆ ಕೆಲಸಗಾರನಿಂದ 90 ರೂಪಾಯಿ, ಮಾಲೀಕರಿಂದ 390 ರೂಪಾಯಿ. ಇಷ್ಟಕ್ಕೆ ಇಡೀ ಕುಟುಂಬಕ್ಕೆ ಚಿಕಿತ್ಸೆ.

• ಪಿಎಫ್: 20 ಅಥವಾ ಹೆಚ್ಚು ಜನ ಇರೋ ಕಡೆ.

• ಗ್ರಾಚುಟಿ: 10 ಅಥವಾ ಹೆಚ್ಚು ಜನ ಇರೋ ಕಡೆ, ಐದು ವರ್ಷ ಪೂರೈಸಿದ ಕಾಯಂ ಕೆಲಸಗಾರರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ. ಕೊನೆಯ ಸಂಬಳ 13,000 ಇದ್ದರೆ 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 7,500. ಐದು ವರ್ಷಕ್ಕೆ 37,500.

ನಾಲ್ಕೈದು ಜನ ಇರೋ ಅಂಗಡಿಗೆ ಇವು ಕಡ್ಡಾಯ ಅಲ್ಲ. ಆದರೂ ದಾರಿ ಇದೆ. ಬ್ಯಾಂಕಿನಲ್ಲಿ ಸಿಗೋ ಪ್ರಧಾನಮಂತ್ರಿ ಸುರಕ್ಷಾ ಬಿಮಾಗೆ ವರ್ಷಕ್ಕೆ 20 ರೂಪಾಯಿ, ಜೀವನ್ ಜ್ಯೋತಿ ಬಿಮಾಗೆ 436 ರೂಪಾಯಿ. ಮೊದಲನೆಯದು ಅಪಘಾತದ್ದು, ಎರಡನೆಯದು ಜೀವ ವಿಮೆ. ಎರಡರಲ್ಲೂ 2 ಲಕ್ಷದವರೆಗೆ ವಿಮೆ. ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 456 ರೂಪಾಯಿ ಮಾಲೀಕರೇ ಕಟ್ಟಿದರೆ ಅಂಗಡಿ ಮುಳುಗಲ್ಲ. ರಾತ್ರಿ ಅಂಗಡಿ ಮುಚ್ಚಿ ಬೈಕಿನಲ್ಲಿ ಹಳ್ಳಿಗೆ ಹೋಗೋ ಹುಡುಗನ ಮನೆಯವರಿಗೆ ಅದರ ಬೆಲೆ ಗೊತ್ತಿರುತ್ತೆ.

ಕಾನೂನು ಏನು ಹೇಳುತ್ತೆ

ಅಂಗಡಿ, ಹೋಟೆಲ್‌ಗಳಿಗೆ ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಮುಖ್ಯ ಅಂಶಗಳು:

• ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು. ಮೀರಿದ ಗಂಟೆಗಳಿಗೆ ಎರಡು ಪಟ್ಟು ಕೂಲಿ. ಅದಕ್ಕೂ ಮಿತಿ ಇದೆ.

• ಸತತ 5 ಗಂಟೆ ಕೆಲಸದ ಮೇಲೆ ಕನಿಷ್ಠ 1 ಗಂಟೆ ವಿಶ್ರಾಂತಿ. ವಿಶ್ರಾಂತಿ ಸೇರಿ ದಿನದ ಅವಧಿ 12 ಗಂಟೆ ದಾಟಬಾರದು.

• ವಾರಕ್ಕೆ ಒಂದು ಪೂರ್ತಿ ದಿನ ರಜೆ. ಅದಕ್ಕೆ ಸಂಬಳ ಕಡಿಯುವಂತಿಲ್ಲ.

• 20 ದಿನ ದುಡಿದರೆ 1 ದಿನ ಸಂಬಳ ಸಹಿತ ರಜೆ.

• ನೇಮಕಾತಿ ಪತ್ರ ಕೊಡಬೇಕು.

• ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ.

ಇದರ ಜೊತೆಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ಕೇಂದ್ರದ ವೇತನ ಸಂಹಿತೆ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಒಂದೇ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಸಂಬಳ ಕೊಡುವಂತಿಲ್ಲ. ಅನುಮಾನ ಇದ್ದರೆ ಮಾಲೀಕರೂ ಕೆಲಸಗಾರರೂ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬಹುದು.

ಮಾಲೀಕರ ಕಷ್ಟವೂ ಸುಳ್ಳಲ್ಲ

ಬಾಡಿಗೆ, ಕರೆಂಟು, ಬ್ಯಾಂಕ್ ಕಂತು, ಆನ್‌ಲೈನ್ ವ್ಯಾಪಾರದ ಪೈಪೋಟಿ. ಇದರ ಮಧ್ಯೆ ಸಂಬಳ ಏರಿಸಿ ಅಂದರೆ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಲೆ ಹೇಳಿದ ಎಷ್ಟೋ ವಿಷಯಕ್ಕೆ ದುಡ್ಡು ಬೇಕಾಗಿಲ್ಲ. ಒಪ್ಪಿದ ತಾರೀಖಿಗೆ ಸಂಬಳ, ಕೂರೋಕೆ ಸ್ಟೂಲು, ಒಳಗೆ ಕರೆದು ಬುದ್ಧಿ ಹೇಳೋದು, ಒಂದೇ ಕೆಲಸಕ್ಕೆ ಒಂದೇ ಸಂಬಳ, ತಿಂಗಳಿಗೊಮ್ಮೆ ಕಷ್ಟಸುಖ ಕೇಳೋದು.

ವಾರದ ರಜೆಗೆ ಮಾತ್ರ ಸ್ವಲ್ಪ ಖರ್ಚು ಬರುತ್ತೆ. ನಾಲ್ಕು ಜನ ಇರೋ ಕಡೆ ಸೋಮವಾರದಿಂದ ಗುರುವಾರದವರೆಗೆ ದಿನಕ್ಕೊಬ್ಬರಂತೆ ಸರದಿ ರಜೆ ಕೊಟ್ಟರೆ ವಾರಾಂತ್ಯದ ವ್ಯಾಪಾರಕ್ಕೆ ಎಲ್ಲರೂ ಇರ್ತಾರೆ. ಸಂತೆ ದಿನ ಬಿಟ್ಟು ಸರದಿ ಹಾಕಿಕೊಳ್ಳಬಹುದು. ಪೇಟೆಯ ವರ್ತಕರ ಸಂಘ ಎಲ್ಲರೂ ಸೇರಿ ಒಂದು ದಿನ ಬಾಗಿಲು ಹಾಕೋ ತೀರ್ಮಾನ ಮಾಡಿದರೆ ‘ನಾನು ಮುಚ್ಚಿದರೆ ಎದುರಿನವನಿಗೆ ವ್ಯಾಪಾರ’ ಅನ್ನೋ ಭಯವೂ ಇರಲ್ಲ.

ಕೆಲಸಕ್ಕೆ ಸೇರೋರ ಕಡೆಯಿಂದಲೂ ಒಂದಿಷ್ಟು ಬೇಕು. ಸೇರುವ ಮೊದಲೇ ಗಂಟೆ, ರಜೆ, ಸಂಬಳದ ತಾರೀಖು ಕೇಳಿ ಬರೆಸಿಕೊಳ್ಳಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡದೆ ಜೆರಾಕ್ಸ್ ಕೊಡಬೇಕು. ಬಿಡೋದಾದರೆ ಹಬ್ಬದ ಹಿಂದಿನ ದಿನ ಫೋನ್ ಸ್ವಿಚ್ ಆಫ್ ಮಾಡೋ ಬದಲು ಮೊದಲೇ ಹೇಳಿ ಬಿಡಬೇಕು. ಪೇಟೆ ಚಿಕ್ಕದು, ಇವತ್ತು ಬಿಟ್ಟ ಅಂಗಡಿಯವರ ಮಾತು ನಾಳೆ ಸೇರೋ ಅಂಗಡಿಗೆ ಮುಟ್ಟಿರುತ್ತೆ.

ಆ ಮಾತು ಎರಡೂ ಕಡೆ ಓಡಾಡುತ್ತೆ ಅನ್ನೋದನ್ನು ಮಾಲೀಕರೂ ಮರೆಯಬಾರದು. ಯಾವ ಅಂಗಡಿಯಲ್ಲಿ ಸಂಬಳ ತಡ ಆಗುತ್ತೆ, ಯಾರು ಬೈತಾರೆ, ಎಲ್ಲಿ ರಜೆ ಸಿಗುತ್ತೆ ಅನ್ನೋದು ಹುಡುಗರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ದಿನವೂ ಓಡ್ತಿರುತ್ತೆ. ಬಾಗಿಲಿಗೆ ಅಂಟಿಸಿದ ‘ಬೇಕಾಗಿದ್ದಾರೆ’ ಬೋರ್ಡ್ ಓದೋ ಮೊದಲೇ ಅವರು ಅದನ್ನು ಓದಿರ್ತಾರೆ.